ಕಾಫಿ ಹಣ್ಣು ಮಾಯವಾಗದ ಹಾಗೆ ಫೋಟೋ ಕಪ್ಪು ಬಿಳುಪು ಮಾಡಿ ಪ್ರಿಂಟ್ ಹಾಕಿಸುವುದು

ಕುಯ್ಲಿನ ಹೊತ್ತಿಗೆ ಚಿಕ್ಕಮಗಳೂರಿನ ಯಾವುದಾದರೂ ತೋಟದಲ್ಲಿ ತೆಗೆದ ಫೋಟೋ ಒಂದನ್ನು ಫೋಟೋಶಾಪ್‌ನಲ್ಲಿ ತೆರೆಯಿರಿ. ಗಿಡದ ತುಂಬ ಕೆಂಪು ಹಣ್ಣಿರಬೇಕು. ಈಗ ಸುಮ್ನೆ ಡಿಸ್ಯಾಚುರೇಟ್ (ಬಣ್ಣ ತೆಗೆಯುವ ಕಮಾಂಡ್) ಒತ್ತಿ ನೋಡಿ. ಎಲೆಯೂ ಬೂದು, ಹಣ್ಣೂ ಬೂದು, ಎರಡೂ ಹೆಚ್ಚುಕಡಿಮೆ ಒಂದೇ ಬೂದು! ಆ ಕಮಾಂಡ್ ಪ್ರತಿ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿಗಳಲ್ಲಿ ಅತಿ ದೊಡ್ಡ ಅಂಕಿ ಮತ್ತು ಅತಿ ಸಣ್ಣ ಅಂಕಿಯನ್ನು ಕೂಡಿಸಿ ಅರ್ಧ ಮಾಡುತ್ತದೆ ಅಷ್ಟೇ, ಅದು ಯಾವ ಬಣ್ಣ ಅಂತ ಅದಕ್ಕೆ ಬೇಕಿಲ್ಲ.

ಅದರ ಬದಲು ಬ್ಲಾಕ್ ಅಂಡ್ ವೈಟ್ ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ. ಲೇಯರ್ ಆದರೆ ಮೂಲ ಬಣ್ಣ ಕೆಳಗೆ ಹಾಗೇ ಇರುತ್ತದೆ, ನಾಳೆ ಮನಸ್ಸು ಬದಲಾದರೂ ತೊಂದರೆ ಇಲ್ಲ. ಅದರಲ್ಲಿ ಬಣ್ಣಕ್ಕೊಂದರಂತೆ ಆರು ಸ್ಲೈಡರ್ ಸಿಗುತ್ತವೆ. ಕೆಂಪನ್ನು ಮೇಲಕ್ಕೆ ಎಳೆಯಿರಿ, ಹಣ್ಣು ಬೆಳ್ಳಗೆ ಎದ್ದು ಬರುತ್ತದೆ. ಎಲೆ ಕಪ್ಪಾಗಬೇಕಾದರೆ ಹಸಿರಿಗಿಂತ ಮೊದಲು ಹಳದಿಯನ್ನು ಇಳಿಸಿ ನೋಡಿ, ಏಕೆಂದರೆ ನಮ್ಮ ಕಣ್ಣಿಗೆ ಹಸಿರಾಗಿ ಕಾಣುವ ಎಲೆಯಲ್ಲಿ ಹಳದಿಯೇ ಜಾಸ್ತಿ ಇರುತ್ತದೆ. ಹಣ್ಣು ಬಿಡಿಸುವವರ ಮುಖ ಚೌಕಟ್ಟಿನೊಳಗೆ ಇದ್ದರೆ ಮಾತ್ರ ಹುಷಾರು. ಚರ್ಮಕ್ಕೂ ಕೆಂಪು, ಹಳದಿಯೇ ಆಧಾರ, ಹಣ್ಣಿನ ಜೊತೆ ಮುಖವೂ ಪೌಡರ್ ಬಳಿದ ಹಾಗಾಗುತ್ತದೆ. ಆಗ ಲೇಯರ್ ಮಾಸ್ಕ್‌ನಲ್ಲಿ (ಲೇಯರ್ ಎಲ್ಲಿ ಕೆಲಸ ಮಾಡಬೇಕು, ಎಲ್ಲಿ ಬೇಡ ಅಂತ ಗುರುತಿಸುವ ಮುಸುಕು) ಮುಖದ ಜಾಗವನ್ನು ಬೇರೆ ಮಾಡಿ, ಅಲ್ಲಿಗೆ ಇನ್ನೊಂದು ಬ್ಲಾಕ್ ಅಂಡ್ ವೈಟ್ ಲೇಯರ್ ಹಾಕಿ.

ಫೋಟೋಶಾಪ್ ಬದಲು ಗಿಂಪ್ ಎಂಬ ಸಾಫ್ಟ್‌ವೇರ್ ಬಳಸುವವರು ಕಲರ್ಸ್ ಮೆನುವಿನ ಡಿಸ್ಯಾಚುರೇಟ್ ಒಳಗೆ ಮೋನೋ ಮಿಕ್ಸರ್ ಹುಡುಕಿ. ಅಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರೇ ಸ್ಲೈಡರ್, ಮೂರರ ಮೊತ್ತ 1ರ ಆಸುಪಾಸಿನಲ್ಲಿ ಇರಲಿ. ಗಿಂಪ್ ದುಡ್ಡಿಲ್ಲದೆ ಸಿಗುತ್ತದೆ, ಈ ಕೆಲಸಕ್ಕೆ ಧಾರಾಳ ಸಾಕು.

ಮುಳ್ಳಯ್ಯನಗಿರಿಯ ಆಕಾಶಕ್ಕೆ ನೀಲಿ ಇಳಿಸಿದರೆ ಮೋಡ ಚೆನ್ನಾಗಿ ಕಾಣುತ್ತದೆ ನಿಜ. ತುಂಬ ಇಳಿಸಿದರೆ ಆಕಾಶದಲ್ಲಿ ಕಾಳುಕಾಳು ಏಳುತ್ತದೆ, ಬೆಟ್ಟದ ಅಂಚಿಗೆ ಬಿಳಿ ಗೆರೆ ಬರುತ್ತದೆ. ಮಂಜಿನ ಫೋಟೋ ಆದರೆ ರಾ ಫೈಲಿನಿಂದ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ಶುರು ಮಾಡಿ 16 ಬಿಟ್‌ನಲ್ಲೇ ಕೆಲಸ ಮಾಡಿ. 8 ಬಿಟ್‌ನಲ್ಲಿ ಬೂದು ಬಣ್ಣಕ್ಕೆ ಸಿಗುವುದು 256 ಮೆಟ್ಟಿಲು, ಕರ್ವ್ಸ್ (ಬೆಳಕು ನೆರಳು ಹೊಂದಿಸುವ ಗೆರೆ) ಎಳೆದಾಡಿದರೆ ಮಂಜಿನಲ್ಲಿ ಪಟ್ಟೆ ಬೀಳುತ್ತದೆ.

ಬೇಲೂರು, ಹಳೇಬೀಡಿನ ಶಿಲ್ಪಗಳಿಗೆ ಈ ಸ್ಲೈಡರ್ ಆಟ ಅಷ್ಟು ನಡೆಯುವುದಿಲ್ಲ. ಆ ಬಳಪದ ಕಲ್ಲು ಮೊದಲೇ ಹೆಚ್ಚುಕಡಿಮೆ ಬೂದು, ಬೇರ್ಪಡಿಸಲು ಬಣ್ಣವೇ ಇಲ್ಲವಲ್ಲ. ಅಲ್ಲಿ ಬೆಳಗ್ಗೆ ಅಥವಾ ಸಂಜೆಯ ಪಕ್ಕದ ಬೆಳಕೇ ಕೆಲಸ ಮಾಡಬೇಕು. ಮನೆಗೆ ಬಂದ ಮೇಲೆ ಕರ್ವ್ಸ್‌ನಲ್ಲಿ ಮಧ್ಯದ ಭಾಗವನ್ನು ಸ್ವಲ್ಪ ಕಡಿದಾಗಿಸಿ, ಕೆತ್ತನೆಯ ಸಂದಿಯಲ್ಲಿ ಎಲ್ಲೆಲ್ಲಿ ವಿವರ ಬೇಕೋ ಅಲ್ಲಿ ಮಾತ್ರ ಡಾಡ್ಜ್ ಟೂಲ್ (ಸವರಿದ ಜಾಗವನ್ನು ತಿಳಿಯಾಗಿಸುವ ಟೂಲ್) ಮೆಲ್ಲಗೆ ಆಡಿಸಿ.

ಇನ್ನು ಪ್ರಿಂಟ್. 8×12 ಇಂಚಿಗೆ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಲೆಕ್ಕದಲ್ಲಿ 2400×3600 ಪಿಕ್ಸೆಲ್ ಬೇಕು. ಸ್ಕ್ರೀನಿನ ಬ್ರೈಟ್‌ನೆಸ್ ಇಳಿಸಿ ನೋಡಿ, ಬಹಳ ಪ್ರಿಂಟ್‌ಗಳು ಕಪ್ಪಾಗಿ ಬರುವುದು ಸ್ಕ್ರೀನ್ ಮಿತಿಮೀರಿ ಬೆಳಗುವುದರಿಂದ. ಲೆವೆಲ್ಸ್‌ನ ಔಟ್‌ಪುಟ್‌ನಲ್ಲಿ 0 (ಪೂರ್ತಿ ಕಪ್ಪು) ಬದಲು 8, 255 (ಪೂರ್ತಿ ಬಿಳಿ) ಬದಲು 248 ಇಟ್ಟು ಶುರು ಮಾಡಿ. ತೀರಾ ಕಪ್ಪು ಜಾಗ ಮಸಿ ಮೆತ್ತಿಕೊಳ್ಳುವುದಿಲ್ಲ, ಮಂಜು ಖಾಲಿ ಕಾಗದವಾಗಿ ಉಳಿಯುವುದಿಲ್ಲ. ಮ್ಯಾಟ್ ಕಾಗದದಲ್ಲಿ ಕಪ್ಪು ಗ್ಲಾಸಿಯಷ್ಟು ಗಾಢವಾಗುವುದಿಲ್ಲ, ಆದರೂ ಕಲ್ಲಿನ ಫೋಟೋಗೆ ನನ್ನ ಓಟು ಮ್ಯಾಟ್‌ಗೇ.

ಹಾಸನದ ಲ್ಯಾಬ್‌ಗೆ ಕೊಡುವುದಾದರೆ ಫೈಲನ್ನು ಗ್ರೇಸ್ಕೇಲ್ ಮಾಡದೆ ಆರ್‌ಜಿಬಿ ಮೋಡ್‌ನಲ್ಲೇ ಬಿಡಿ, ಎಸ್‌ಆರ್‌ಜಿಬಿ ಪ್ರೊಫೈಲ್ (ಬಣ್ಣದ ಅಂಕಿಗಳನ್ನು ಹೇಗೆ ಓದಬೇಕು ಅಂತ ಹೇಳುವ ಗುರುತು) ಇಟ್ಟು ಜೆಪೆಗ್ ಮಾಡಿ. "ಅಣ್ಣ, ಕಲರ್ ಕರೆಕ್ಷನ್ ಮಾಡ್ಬೇಡಿ, ಹಿಂಗೇ ಹಾಕಿ" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಮೆಷಿನ್ ತಾನೇ ಬೆಳಕು ಏರಿಸಿ ನಿಮ್ಮ ಮಂಜನ್ನೆಲ್ಲ ತೊಳೆದುಬಿಡಬಹುದು. ದೊಡ್ಡ ಸೈಜಿಗೆ ಮುಂಚೆ ಒಂದು 4×6 ಹಾಕಿಸಿ, ಅದನ್ನು ಹೊರಗೆ ತಂದು ಹಗಲು ಬೆಳಕಿನಲ್ಲಿ ನೋಡಿ. ಬೂದು ಬಣ್ಣದಲ್ಲಿ ಗುಲಾಬಿಯೋ ಹಸಿರೋ ಇಣುಕುತ್ತಿದ್ದರೆ ಆಗಲೇ ಹೇಳಿಬಿಡಿ, ಟ್ಯೂಬ್‌ಲೈಟ್ ಕೆಳಗೆ ಅದು ಗೊತ್ತಾಗದೇ ಇರಬಹುದು.

ಮನೆಯ ಇಂಕ್‌ಜೆಟ್ ಆದರೆ ಕಾಗದದ ಸೆಟ್ಟಿಂಗ್ ಸರಿಯಾಗಿ ಆರಿಸಿ. ಮಲೆನಾಡಿನ ಮಳೆಗಾಲದಲ್ಲಿ ಪ್ರಿಂಟ್ ಒಂದು ದಿನವಾದರೂ ಒಣಗಲಿ. ಫ್ರೇಮ್ ಹಾಕಿಸುವಾಗ ಸುತ್ತ ಮೌಂಟ್ ಬೋರ್ಡ್ (ಫೋಟೋಗೂ ಗಾಜಿಗೂ ನಡುವೆ ಅಂತರ ಬಿಡುವ ದಪ್ಪ ರಟ್ಟು) ಕೇಳಿ, ಇಲ್ಲದಿದ್ದರೆ ತೇವಕ್ಕೆ ಫೋಟೋ ಗಾಜಿಗೇ ಅಂಟಿಕೊಳ್ಳುತ್ತದೆ.