ಹಳೆಯ ಸರ್ಫೇಸ್ ಗ್ರೈಂಡರ್ ಕೊಂಡು ಸರಿಪಡಿಸಿದ ಬಗೆ

ಮನೆಯ ವರ್ಕ್‌ಶಾಪಿನಲ್ಲಿ ಲೇತ್ ಇತ್ತು, ಚಿಕ್ಕದೊಂದು ಮಿಲ್ಲಿಂಗ್ ಯಂತ್ರವೂ ಇತ್ತು. ಆದರೂ ಪ್ರತಿ ಸಲ ಒಂದೇ ಜಾಗದಲ್ಲಿ ಕೆಲಸ ನಿಲ್ಲುತ್ತಿತ್ತು. ಉಕ್ಕಿನ ತುಂಡನ್ನು ಅಳತೆಗೆ ಸರಿಯಾಗಿ ಮಾಡಿ ಹಾರ್ಡನಿಂಗ್ (ಕಾಯಿಸಿ ತಣಿಸಿ ಗಟ್ಟಿಮಾಡುವುದು) ಮಾಡಿದರೆ ಅದು ತುಸು ಡೊಂಕಾಗುತ್ತದೆ. ಆ ಮೇಲೆ ಅದರ ಮೈಗೆ ಅರವೂ ತಾಗದು, ಮಿಲ್ಲಿಂಗ್ ಕಟರೂ ತಾಗದು. ಗ್ರೈಂಡಿಂಗ್ ಒಂದೇ ದಾರಿ. ಹಾಗಾಗಿ ಸೆಕೆಂಡ್‌ಹ್ಯಾಂಡ್ ಸರ್ಫೇಸ್ ಗ್ರೈಂಡರ್, ಅಂದರೆ ಸುತ್ತುವ ಸಾಣೆಕಲ್ಲಿನ (ವೀಲ್) ಕೆಳಗೆ ಟೇಬಲ್ ಓಡಿಸಿ ಮೇಲ್ಮೈಯನ್ನು ಸಮತಟ್ಟು ಮಾಡುವ ಯಂತ್ರ, ಹುಡುಕತೊಡಗಿದೆ. ಕೈಯಿಂದ ತಿರುಗಿಸುವ, 450 ಮಿಲಿಮೀಟರ್ ಉದ್ದ, 150 ಮಿಲಿಮೀಟರ್ ಅಗಲದ ಟೇಬಲ್ಲಿನದು ಸಾಕು ಎಂದು ನಿರ್ಧರಿಸಿದ್ದೆ.

ಮೊದಲು ನೋಡಿದ ಯಂತ್ರಕ್ಕೆ ಹೊಸ ಬಣ್ಣ ಹೊಡೆದಿದ್ದರು. ಮಾರುವವರು ವೀಲ್ ಇರುವ ಗ್ರೈಂಡಿಂಗ್ ಹೆಡ್ಡಿಗೆ ಡಯಲ್ ಗೇಜ್ (ಸೂಕ್ಷ್ಮ ಏರುಪೇರನ್ನು ಮುಳ್ಳಿನಿಂದ ತೋರಿಸುವ ಮಾಪಕ) ಸಿಕ್ಕಿಸಿ, ಅದರ ತುದಿಯನ್ನು ಮ್ಯಾಗ್ನೆಟಿಕ್ ಚಕ್ಕಿನ (ಕೆಲಸದ ತುಂಡನ್ನು ಟೇಬಲ್ಲಿನ ಮೇಲೆ ಹಿಡಿದಿಡುವ ಅಯಸ್ಕಾಂತದ ಹಲಗೆ) ಮೇಲೆ ಇಟ್ಟು, ಟೇಬಲ್ಲನ್ನು ಆ ತುದಿಯಿಂದ ಈ ತುದಿಯವರೆಗೆ ಓಡಿಸಿ ತೋರಿಸಿದರು. ಮುಳ್ಳು ಅಲುಗಲೇ ಇಲ್ಲ. ನಾನು ಮನಸ್ಸಿನಲ್ಲೇ ಯಂತ್ರವನ್ನು ಮನೆಗೆ ತಂದುಬಿಟ್ಟಿದ್ದೆ. ಜೊತೆಗೆ ಬಂದಿದ್ದ ಹಿರಿಯ ಫಿಟ್ಟರ್ ಒಬ್ಬರು ಮಾತ್ರ ಮೆಲ್ಲಗೆ ಕೇಳಿದರು: “ಈ ಚಕ್ಕನ್ನು ಇದೇ ಯಂತ್ರದ ಮೇಲೆ ಗ್ರೈಂಡ್ ಮಾಡಿದ್ದಲ್ಲವೇ? ಹಾಗಿದ್ದ ಮೇಲೆ ಮುಳ್ಳು ಅಲುಗುವುದಾದರೂ ಹೇಗೆ?”

ಆ ಪ್ರಶ್ನೆ ನನಗೆ ಕಲಿಸಿದಷ್ಟನ್ನು ಬೇರೆ ಯಾವುದೂ ಕಲಿಸಲಿಲ್ಲ. ಟೇಬಲ್ ಜಾರುವ ಹಾದಿ, ಅಂದರೆ ಬೆಡ್ಡಿನ ಸ್ಲೈಡುಗಳು, ಸವೆದು ಬಾಗಿದ್ದರೆ ಟೇಬಲ್ ಚಲಿಸುವುದೂ ಬಾಗಿದ ದಾರಿಯಲ್ಲೇ. ಚಕ್ಕಿನ ಮೇಲ್ಮೈಯನ್ನು ಅದೇ ದಾರಿಯಲ್ಲಿ ಓಡಿಸಿ ಗ್ರೈಂಡ್ ಮಾಡಿದಾಗ ಆ ಬಾಗು ಚಕ್ಕಿಗೂ ಇಳಿಯುತ್ತದೆ. ಮತ್ತೆ ಅದೇ ದಾರಿಯಲ್ಲಿ ಡಯಲ್ ಓಡಿಸಿದರೆ ಎರಡೂ ಬಾಗು ಒಂದಕ್ಕೊಂದು ಹೊಂದಿಕೊಂಡು ಸೊನ್ನೆಯನ್ನೇ ತೋರಿಸುತ್ತವೆ. ಸರ್ಫೇಸ್ ಗ್ರೈಂಡರ್ ತನ್ನ ಅಳತೆಗೋಲನ್ನು ತಾನೇ ಮಾಡಿಕೊಳ್ಳುವ ಯಂತ್ರ. ಅದನ್ನು ಪರೀಕ್ಷಿಸಲು ಹೊರಗಿನ ಅಳತೆಗೋಲು ಬೇಕು.

ಫಿಟ್ಟರ್ ಚೀಲದಿಂದ ತಮ್ಮ ಸ್ಟ್ರೈಟ್ ಎಡ್ಜ್, ಅಂದರೆ ಅಂಚು ನೇರವೆಂದು ಖಾತ್ರಿಯಿರುವ ಪಟ್ಟಿ, ತೆಗೆದರು. ಅದನ್ನು ಸಮ ಎತ್ತರದ ಎರಡು ಬ್ಲಾಕುಗಳ ಮೇಲೆ, ಎರಡೂ ತುದಿಯಿಂದ ಉದ್ದದ ಶೇ 22ರಷ್ಟು ಒಳಗೆ ಆಧಾರ ಬರುವಂತೆ ಇಟ್ಟರು. ಅಲ್ಲಿ ಆಧಾರ ಕೊಟ್ಟರೆ ಪಟ್ಟಿ ತನ್ನದೇ ಭಾರಕ್ಕೆ ಜೋತುಬೀಳುವುದು ತೀರಾ ಕಡಿಮೆ. ಎರಡು ತುದಿಗಳಲ್ಲಿ ಡಯಲ್ ಒಂದೇ ಅಂಕೆ ತೋರಿಸುವಂತೆ ತೆಳುವಾದ ತಗಡು ಕೊಟ್ಟು ಸರಿಮಾಡಿ, ಆಮೇಲೆ ನಡುಭಾಗ ನೋಡಿದೆವು. ಸುಮಾರು 30 ಮೈಕ್ರಾನ್ ವ್ಯತ್ಯಾಸ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಸಣ್ಣ ತುಂಡುಗಳನ್ನು ವರ್ಷಗಟ್ಟಲೆ ಟೇಬಲ್ಲಿನ ನಡುವೆಯೇ ಇಟ್ಟು ಕೆಲಸ ಮಾಡಿದರೆ ಬೆಡ್ ಸವೆಯುವುದು ಹೀಗೆಯೇ. ಆ ಯಂತ್ರವನ್ನು ಬಿಟ್ಟು ಬಂದೆ.

ಕೊನೆಗೆ ಕೊಂಡದ್ದು ಮುಚ್ಚಿಹೋದ ಟೂಲ್ ರೂಮಿನ ಮೂಲೆಯಲ್ಲಿ ನಿಂತಿದ್ದ ಯಂತ್ರ. ಬಣ್ಣ ಎದ್ದುಹೋಗಿತ್ತು, ಮೈಯೆಲ್ಲ ಕಪ್ಪು ಜಿಡ್ಡು. ಆದರೆ ಟೇಬಲ್ಲನ್ನು ಒಂದು ಪಕ್ಕಕ್ಕೆ ಪೂರ್ತಿ ಸರಿಸಿ ಬೆಡ್ಡಿನ ತುದಿಯನ್ನು ಒರೆಸಿದಾಗ ‘ವಿ’ ಆಕಾರದ ಸ್ಲೈಡಿನ ಮೇಲೆ ಸ್ಕ್ರೇಪಿಂಗ್ (ಕೆರೆದು ಸಮಮಾಡುವುದು) ಮಾಡಿದ ಗುರುತುಗಳು ಇನ್ನೂ ಕಾಣುತ್ತಿದ್ದವು. ಉಗುರಿನಿಂದ ಗೀರಿದರೆ ಸವೆತದ ಮೆಟ್ಟಿಲು ಸಿಗಲಿಲ್ಲ. ಸ್ಟ್ರೈಟ್ ಎಡ್ಜಿನ ಮೇಲೆ 18 ಮೈಕ್ರಾನ್ ಬಂತು. ಇನ್ನು ಸ್ಪಿಂಡಲ್, ಅಂದರೆ ವೀಲನ್ನು ತಿರುಗಿಸುವ ದಂಡ. ವೀಲ್ ಕೂರುವ ಟೇಪರಿಗೆ ಡಯಲ್ ಹಚ್ಚಿ ಕೈಯಿಂದ ನಿಧಾನವಾಗಿ ತಿರುಗಿಸಿದರೆ ಮುಳ್ಳು 2 ಮೈಕ್ರಾನ್ ಮೀರಲಿಲ್ಲ. ಮರದ ತುಂಡಿನಿಂದ ಮೇಲಕ್ಕೆ ಮೀಟಿ ನೋಡಿದೆವು, ಆಟ ಇರಲಿಲ್ಲ. ಅರ್ಧ ಗಂಟೆ ಓಡಿಸಿದ ಮೇಲೂ ಬೇರಿಂಗ್ ಇರುವಲ್ಲಿ ಕೈ ಇಟ್ಟರೆ ಬೆಚ್ಚಗಿತ್ತು, ಅಷ್ಟೇ. ಸ್ಪಿಂಡಲ್ ಚೆನ್ನಾಗಿದ್ದರೆ ಅದನ್ನು ಬಿಚ್ಚಲೇಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅದರ ಬೇರಿಂಗುಗಳನ್ನು ಜೋಡಿ ನೋಡಿ, ಲೆಕ್ಕದ ಒತ್ತಡ ಕೊಟ್ಟು ಕೂರಿಸಿರುತ್ತಾರೆ. ಕುತೂಹಲಕ್ಕೆ ಬಿಚ್ಚಿದರೆ ಆ ಹೊಂದಾಣಿಕೆ ಮತ್ತೆ ಬರುವುದು ಕಷ್ಟ.

ಸಾಗಿಸುವ ಮುನ್ನ ಟೇಬಲ್ಲನ್ನು ಬೇರೆ ಮಾಡಿದೆವು. ಹೆಡ್ಡನ್ನು ಇಳಿಸಿ ಮರದ ದಿಮ್ಮಿಯ ಮೇಲೆ ಕೂರಿಸಿದೆವು. ಹಾಗೆ ಮಾಡದಿದ್ದರೆ ದಾರಿಯ ಕುಲುಕಾಟವೆಲ್ಲ ಸ್ಲೈಡುಗಳ ಮೇಲೆ, ಇಳಿಸುವ ಸ್ಕ್ರೂ ಮೇಲೆ ಬೀಳುತ್ತದೆ.

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಬೆಡ್ಡಿನ ಎರಡು ಸ್ಲೈಡುಗಳ ಮುಂದೆ. ಈ ಬಗೆಯ ಯಂತ್ರದಲ್ಲಿ ಟೇಬಲ್ ತನ್ನ ಭಾರದಿಂದಲೇ ಒಂದು ‘ವಿ’ ಮತ್ತು ಒಂದು ಚಪ್ಪಟೆ ಸ್ಲೈಡಿನ ಮೇಲೆ ಕುಳಿತಿರುತ್ತದೆ. ‘ವಿ’ಯ ತಳದಲ್ಲಿ ಎಣ್ಣೆಯ ಗುಳಿಗಳು, ಪ್ರತಿ ಗುಳಿಯಲ್ಲೂ ಸ್ಪ್ರಿಂಗ್ ಮೇಲೆ ನಿಂತ ಚಿಕ್ಕ ರೋಲರ್. ಟೇಬಲ್ ಸರಿದಾಗ ರೋಲರ್ ಉರುಳಿ ಎಣ್ಣೆಯನ್ನು ಮೇಲೆತ್ತಿ ಹಚ್ಚಬೇಕು. ನನ್ನ ಯಂತ್ರದಲ್ಲಿ ನಾಲ್ಕರಲ್ಲಿ ಮೂರು ರೋಲರ್ ಉರುಳುತ್ತಲೇ ಇರಲಿಲ್ಲ. ಕಲ್ಲಿನ ಪುಡಿ, ಉಕ್ಕಿನ ಪುಡಿ, ಹಳೆಯ ಎಣ್ಣೆ ಸೇರಿ ಗುಳಿಯಲ್ಲಿ ಮೇಣದಂತೆ ಹೆಪ್ಪುಗಟ್ಟಿತ್ತು. ಅದೇ ಜಿಡ್ಡು ‘ವಿ’ಯ ಇಳಿಜಾರಿನ ಮೇಲೂ ತೆಳುವಾದ ಕಂದು ಪದರವಾಗಿ ಅಂಟಿತ್ತು. ಬೆರಳಿಗೆ ನುಣುಪಾಗಿಯೇ ಇತ್ತು. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಒಂದು ರಾತ್ರಿ ಹೊದಿಸಿಟ್ಟು ಬೆಳಿಗ್ಗೆ ಮರದ ಚಕ್ಕೆಯಿಂದ ಕೆರೆದಾಗ ಸುರುಳಿಯಾಗಿ ಎದ್ದು ಬಂತು.

ಇಲ್ಲಿ ಉಪ್ಪುಕಾಗದ ಮುಟ್ಟಬೇಡಿ. ಅದರ ಕಣಗಳು ಎರಕದ ಕಬ್ಬಿಣದಲ್ಲಿ ಹೂತುಕೊಂಡು, ಟೇಬಲ್ ಸರಿದಾಡಿದಷ್ಟೂ ಸ್ಲೈಡನ್ನು ತಿನ್ನುತ್ತವೆ. ನಾನು ಬಳಸಿದ್ದು ಮರ, ಬಟ್ಟೆ, ಸೀಮೆಎಣ್ಣೆ ಮಾತ್ರ. ಹಿಂದೆ ಯಾರೋ ಏನನ್ನೋ ಬೀಳಿಸಿದ್ದರಿಂದ ‘ವಿ’ಯ ಅಂಚಿನಲ್ಲಿ ಒಂದು ಕಡೆ ಕಬ್ಬಿಣ ಉಬ್ಬಿತ್ತು. ಅದೊಂದನ್ನು ಮಾತ್ರ ಚಪ್ಪಟೆಯಾದ ನಯ ಎಣ್ಣೆಕಲ್ಲಿನಿಂದ, ಉಬ್ಬು ಇಳಿಯುವವರೆಗಷ್ಟೇ ಉಜ್ಜಿ, ಚೂರೂ ಉಳಿಯದಂತೆ ತೊಳೆದೆ. ರೋಲರುಗಳು ಬಿಡುವಾದವು. ಸ್ಲೈಡ್ ಎಣ್ಣೆ, 68ನೇ ದರ್ಜೆಯದು, ಗುಳಿಗಳಿಗೆ ತುಂಬಿ ಟೇಬಲ್ ಇಳಿಸಿದೆವು. ಒಂದೇ ಬೆರಳಿನಿಂದ ತಳ್ಳಿದರೆ ಸದ್ದಿಲ್ಲದೆ ತೇಲಿತು. ಸ್ಟ್ರೈಟ್ ಎಡ್ಜ್ ಮತ್ತೆ ಇಟ್ಟು ನೋಡಿದರೆ 18 ಇದ್ದದ್ದು 7ಕ್ಕೆ ಇಳಿದಿತ್ತು! ಟೇಬಲ್ ಇಷ್ಟು ದಿನ ಅರ್ಧ ಸವೆತದ ಮೇಲೆ, ಅರ್ಧ ಜಿಡ್ಡಿನ ಮೇಲೆ ನಿಂತಿತ್ತು. ಸ್ಕ್ರೇಪಿಂಗ್ ಮಾಡಿಸಬೇಕೆಂದು ಅಂದುಕೊಂಡಿದ್ದನ್ನು ಅಲ್ಲಿಗೇ ಕೈಬಿಟ್ಟೆ.

ಬಣ್ಣ ಕೊನೆಗೆ ಒಂದು ಕೈ ಹೊಡೆದೆ.

ಮನೆಯಲ್ಲಿರುವುದು ಸಿಂಗಲ್ ಫೇಸ್, ಯಂತ್ರದ್ದು ಥ್ರೀ ಫೇಸ್ ಮೋಟರ್. ನಾಮಫಲಕದಲ್ಲಿ 230/400 ವೋಲ್ಟ್ ಎಂದಿದ್ದುದರಿಂದ ಎಲೆಕ್ಟ್ರಿಷಿಯನ್ ಅದನ್ನು ಡೆಲ್ಟಾ ಜೋಡಣೆಗೆ (230 ವೋಲ್ಟಿನದು) ಬದಲಿಸಿ, ಸಿಂಗಲ್ ಫೇಸಿನಿಂದ ಥ್ರೀ ಫೇಸ್ ಮಾಡಿಕೊಡುವ, ಆವರ್ತನ ಬದಲಿಸಿ ವೇಗ ಹೊಂದಿಸುವ ಡ್ರೈವ್, ಅಂದರೆ ವಿಎಫ್‌ಡಿ ಹಾಕಿಕೊಟ್ಟರು. ಹಳೆಯ ಸ್ವಿಚ್ಚನ್ನು ಡ್ರೈವ್ ಮತ್ತು ಮೋಟರ್ ನಡುವೆ ಉಳಿಸಿಕೊಳ್ಳಬಾರದು. ನಿಲ್ಲಿಸುವಾಗ ಥಟ್ಟನೆ ಬ್ರೇಕ್ ಹಾಕಿಸಬಾರದು; ವೀಲಿನ ನಟ್ ಸಡಿಲಾಗುವ ಅಪಾಯವಿದೆ. ಆವರ್ತನವನ್ನು 50 ಹರ್ಟ್ಸ್‌ಗಿಂತ ಮೇಲೆ ಏರದಂತೆ ಬೀಗ ಹಾಕಿಸಿದೆ. 200 ಮಿಲಿಮೀಟರ್ ವೀಲ್ ನಿಮಿಷಕ್ಕೆ 2800 ಸುತ್ತಿನಲ್ಲಿ ಅಂಚಿನ ಬಳಿ ಸೆಕೆಂಡಿಗೆ ಸುಮಾರು 29 ಮೀಟರ್ ಓಡುತ್ತದೆ. ನನ್ನ ವೀಲಿನ ಲೇಬಲ್ಲಿನಲ್ಲಿ ಮಿತಿ 35 ಎಂದಿದೆ. ಆ ಅಂತರ ನನ್ನ ಜೀವದ ಬೆಲೆ, ಅದನ್ನು ಗುಂಡಿ ತಿರುಗಿಸಿ ಕಳೆಯಲಾರೆ.

ಯಂತ್ರದ ಜೊತೆ ಬಂದ ಹಳೆಯ ವೀಲುಗಳನ್ನೆಲ್ಲ ಒಡೆದು ಎಸೆದೆ. ಎಲ್ಲಿ ಬಿದ್ದಿದ್ದವೋ, ಎಷ್ಟು ನೀರು ಕುಡಿದಿದ್ದವೋ ಯಾರಿಗೆ ಗೊತ್ತು. ಹೊಸದಾಗಿ ತಂದದ್ದು 46 ಗ್ರಿಟ್ಟಿನ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ವೀಲ್, ಮೆತ್ತನೆಯ ದರ್ಜೆ. ಕೂರಿಸುವ ಮುಂಚೆ ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ದಡ್ ಎಂದರೆ ಬಿರುಕು ಇದೆ ಎಂದರ್ಥ. ಎರಡೂ ಪಕ್ಕ ಕಾಗದದ ವಾಷರ್, ಒಂದೇ ಅಳತೆಯ ಫ್ಲಾಂಜುಗಳು. ಮೊದಲ ಬಾರಿ ಚಾಲೂ ಮಾಡಿದಾಗ ವೀಲಿನ ಸಾಲಿನಿಂದ ಪಕ್ಕಕ್ಕೆ ಸರಿದು ಪೂರ್ತಿ ಒಂದು ನಿಮಿಷ ನಿಂತೆ. ಆಮೇಲೆ ಡೈಮಂಡ್ ಡ್ರೆಸ್ಸರನ್ನು (ವೀಲಿನ ಮುಖ ಕೆರೆಯುವ ವಜ್ರದ ತುದಿಯ ಉಪಕರಣ) ವೀಲ್ ತಿರುಗುವ ದಿಕ್ಕಿಗೇ 10–15 ಡಿಗ್ರಿ ವಾಲಿಸಿ ಮುಖ ಸರಿಮಾಡಿದೆ.

ಕೊನೆಯದು ಚಕ್. ಅದರ ತಳವನ್ನೂ ಟೇಬಲ್ಲಿನ ಮೇಲ್ಮೈಯನ್ನೂ ಎಣ್ಣೆಕಲ್ಲು ಆಡಿಸಿ ಉಬ್ಬು ಇಲ್ಲವೆಂದು ನೋಡಿಕೊಂಡು ಬಿಗಿಗೊಳಿಸಿ, ಮ್ಯಾಗ್ನೆಟ್ ಆನ್ ಮಾಡಿಯೇ ಗ್ರೈಂಡ್ ಮಾಡಿದೆ, ಒಂದು ಸಲಕ್ಕೆ 5 ಮೈಕ್ರಾನಿಗಿಂತ ಹೆಚ್ಚು ಇಳಿಸದೆ. ಮೇಲ್ಮೈಗೆ ಗುರುತಿಗೆಂದು ಹಚ್ಚಿದ್ದ ನೀಲಿ ಬಣ್ಣ ಅಳಿಸಿದ ಕೂಡಲೇ ನಿಲ್ಲಿಸಿದೆ. ಚಕ್ಕಿನಿಂದ ಹೋದ ಲೋಹ ಮರಳಿ ಬರುವುದಿಲ್ಲ.

ಮೊದಲ ಕೆಲಸವಾಗಿ 150 ಮಿಲಿಮೀಟರಿನ ಒಂದು ಜೊತೆ ಪ್ಯಾರಲಲ್‌ಗಳನ್ನು (ಕೆಲಸದ ತುಂಡಿಗೆ ಆಧಾರ ಕೊಡುವ, ಒಂದೇ ಎತ್ತರದ ಪಟ್ಟಿಗಳು) ಒಟ್ಟಿಗೇ ಗ್ರೈಂಡ್ ಮಾಡಿದೆ. ಕೊನೆಯಲ್ಲಿ ವೀಲನ್ನು ಇಳಿಸದೆ, ಕಿಡಿ ಪೂರ್ತಿ ನಿಲ್ಲುವವರೆಗೆ ಟೇಬಲ್ ಓಡಿಸಿದೆ. ತಣ್ಣಗಾದ ಮೇಲೆ ಮೈಕ್ರೋಮೀಟರ್ ಹಿಡಿದರೆ ಎರಡರ ನಡುವೆ 2 ಮೈಕ್ರಾನ್ ವ್ಯತ್ಯಾಸ. ಆಮೇಲೆ 400 ಮಿಲಿಮೀಟರ್ ಉದ್ದದ ಪಟ್ಟಿಯೊಂದನ್ನು ಮಾಡಿದೆ. ಅದರ ದಪ್ಪ ಐದು ಜಾಗದಲ್ಲೂ ಒಂದೇ ಬಂತು, ಬರಲೇಬೇಕು. ಆದರೆ ಸರ್ಫೇಸ್ ಪ್ಲೇಟಿಗೆ (ಅಳತೆಗೆ ಬಳಸುವ ಸಮತಟ್ಟಾದ ಹಲಗೆ) ನೀಲಿ ಹಚ್ಚಿ ಅದರ ಮೇಲೆ ಇಟ್ಟು ನೋಡಿದಾಗ ಪಟ್ಟಿಯ ಉದ್ದಕ್ಕೂ ಒಂದೇ ಸಮನೆ ಬಣ್ಣ ಹತ್ತಿರಲಿಲ್ಲ. ಆ 7 ಮೈಕ್ರಾನ್ ಅಲ್ಲೇ ಇತ್ತು. ಯಂತ್ರದ ಕಂಬದ ಮೇಲೆ ಆ ಅಂಕೆಯನ್ನು ದಿನಾಂಕದ ಸಮೇತ ಬರೆದಿದ್ದೇನೆ. ಉದ್ದನೆಯ ಕೆಲಸ ಬಂದಾಗ ಪಟ್ಟಿಯನ್ನು ಮೊದಲು ಪ್ಲೇಟಿನ ಮೇಲೆ ನೋಡಿ, ಆಮೇಲೆ ಮೈಕ್ರೋಮೀಟರ್ ಎತ್ತಿಕೊಳ್ಳುತ್ತೇನೆ.