ಪಿ.ಎಫ್. ಹಿಡಿದರು, ಕಟ್ಟಲಿಲ್ಲ: ಬಾಕಿ ವಸೂಲಿಗೆ ನಾನು ಇಟ್ಟ ಲೆಕ್ಕ

ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟರ್ ಕೈಕೆಳಗೆ ದುಡಿದವನು ನಾನು. ಆಡಳಿತ ಹದಗೆಟ್ಟಿರುವುದು ಮೊದಲು ಕಾಣುವುದೇ ಸಂಬಳದ ತಾರೀಖಿನಲ್ಲಿ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕು. ಅದು 12 ಆಗಿ, ಆಮೇಲೆ 20 ಆಯಿತೆಂದರೆ ಪಿ.ಎಫ್. (ಭವಿಷ್ಯ ನಿಧಿ), ಇ.ಎಸ್.ಐ. (ಕಾರ್ಮಿಕರ ಆರೋಗ್ಯ ವಿಮೆ) ಕಂತು ಕೂಡ ನಿಂತಿರಬಹುದು ಎಂದೇ ತಿಳಿಯಿರಿ. ಇವೆರಡನ್ನೂ ಕಟ್ಟಲು 15ನೇ ತಾರೀಖು ಕೊನೆ. ಕೈಯಲ್ಲಿ ಕಾಸಿಲ್ಲದ ಕಾಂಟ್ರಾಕ್ಟರ್ ಮೊದಲು ನಿಲ್ಲಿಸುವುದು ಕಾರ್ಮಿಕರ ಕಣ್ಣಿಗೆ ಬೀಳದ ಹಣವನ್ನೇ.

ಪೇ ಸ್ಲಿಪ್‌ನಲ್ಲಿ ಪಿ.ಎಫ್. ಕಳೆದಿದ್ದಾರೆ ಎಂದ ಮಾತ್ರಕ್ಕೆ ಕಟ್ಟಿದ್ದಾರೆ ಎಂದಲ್ಲ. ಪಿ.ಎಫ್. ಪಾಸ್‌ಬುಕ್ ತೆಗೆದು ಪ್ರತಿ ತಿಂಗಳನ್ನೂ ತಾಳೆ ನೋಡಿದೆ. ಮೂಲವೇತನ ಮತ್ತು ಡಿ.ಎ. (ತುಟ್ಟಿಭತ್ಯೆ) ಸೇರಿ 14,560 ರೂಪಾಯಿ ಇದ್ದರೆ, ಶೇ. 12ರಂತೆ ನಮ್ಮ ಪಾಲು 1,747. ಮಾಲೀಕರ ಪಾಲೂ ಅಷ್ಟೇ, ಆದರೆ ಅದು ಒಡೆದು ಕೂರುತ್ತದೆ: ಪಿಂಚಣಿಗೆ ಶೇ. 8.33, ಅಂದರೆ 1,213. ಉಳಿದ 534 ಪಿ.ಎಫ್.ಗೆ. ಈ ಮೂರೂ ಅಂಕಿ ಕಾಣಬೇಕು. ಓಟಿ (ಹೆಚ್ಚುವರಿ ಗಂಟೆಗಳ ಕೆಲಸ) ಹಣದ ಮೇಲೆ ಪಿ.ಎಫ್. ಇಲ್ಲ. ಇದು ಗೊತ್ತಿಲ್ಲದೆ ಅನೇಕರು ತಪ್ಪು ಮೊತ್ತ ಬರೆದು ದೂರು ಕೊಡುತ್ತಾರೆ, ಕಚೇರಿಯಲ್ಲಿ ಅದೇ ನೆಪವಾಗುತ್ತದೆ.

ನನಗೆ ಹೆಚ್ಚು ನೆರವಾದದ್ದು ಇನ್ನೊಂದು. ಪಿ.ಎಫ್. ಸಂಸ್ಥೆಯ ಜಾಲತಾಣದಲ್ಲಿ ಕಾಂಟ್ರಾಕ್ಟರ್ ಹೆಸರೋ ಕೋಡ್ ನಂಬರೋ ಹಾಕಿ ಹುಡುಕಿದರೆ, ಯಾವ ತಿಂಗಳ ಹಣ ಯಾವತ್ತು ಕಟ್ಟಿದರು, ಎಷ್ಟು ಜನರಿಗೆ ಕಟ್ಟಿದರು ಎಂಬುದು ಸಿಗುತ್ತದೆ. ಲಾಗಿನ್ ಬೇಕಿಲ್ಲ. ಶಾಪ್ ಫ್ಲೋರ್‌ನಲ್ಲಿ ನಿಮ್ಮ ಜೊತೆ ಇರುವವರನ್ನು ಎಣಿಸಿ, ಅಲ್ಲಿರುವ ಸಂಖ್ಯೆಯ ಪಕ್ಕ ಇಟ್ಟು ನೋಡಿ. ಹಣ ಹಿಡಿದೂ ಕಟ್ಟದಿರುವುದು ನಂಬಿಕೆದ್ರೋಹದ ಅಪರಾಧ, ಬರೀ ತಡವಲ್ಲ.

ಓಟಿ ಲೆಕ್ಕದಲ್ಲೇ ಎಲ್ಲರೂ ಹೆಚ್ಚು ಕಳೆದುಕೊಳ್ಳುವುದು. 14,560ನ್ನು ತಿಂಗಳ 26 ಕೆಲಸದ ದಿನಗಳಿಂದ ಭಾಗಿಸಿದರೆ ದಿನಕ್ಕೆ 560, ಎಂಟು ಗಂಟೆಯ ಲೆಕ್ಕದಲ್ಲಿ ಗಂಟೆಗೆ 70. ಓಟಿ ಎರಡು ಪಟ್ಟು, ಅಂದರೆ 140. ವಾರಕ್ಕೆ 48 ಗಂಟೆ ದಾಟಿದ್ದೆಲ್ಲ ಓಟಿ. 12 ಗಂಟೆ ಶಿಫ್ಟ್‌ನಲ್ಲಿ ಅರ್ಧ ಗಂಟೆ ಊಟದ ಬಿಡುವು ಕಳೆದರೆ 11.5, ಆರು ದಿನಕ್ಕೆ 69, ಓಟಿ 21 ಗಂಟೆ. ವಾರಕ್ಕೆ 2,940 ಬರಬೇಕು. ನಮಗೆ ಒಂದು ಪಟ್ಟು, 1,470 ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಪಂಚಿಂಗ್ ದಾಖಲೆ ಅವರ ಹತ್ತಿರವೇ ಇರುವುದರಿಂದ, ಒಳಗೆ ಹೋದ ಮತ್ತು ಹೊರಗೆ ಬಂದ ಹೊತ್ತನ್ನು ಒಂದು ನೋಟ್‌ಬುಕ್‌ನಲ್ಲಿ ಅದೇ ದಿನ ಬರೆದೆ. ತಿಂಗಳ ಕೊನೆಗೆ ಒಟ್ಟಿಗೆ ಬರೆದ ಪಟ್ಟಿಗೆ ಬೆಲೆ ಇಲ್ಲ. ಕಂಪನಿ ಬಸ್ಸಿನ ಸಮಯ, ಶಿಫ್ಟ್ ಬಗ್ಗೆ ಸೂಪರ್‌ವೈಸರ್ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ, ಬ್ಯಾಂಕ್ ಸ್ಟೇಟ್‌ಮೆಂಟ್ ಇವು ಆ ಬರಹವನ್ನು ಗಟ್ಟಿ ಮಾಡುತ್ತವೆ.

ಬಾಯಿಮಾತಿನಲ್ಲಿ ಕೇಳಿದ್ದು ಗೇಟಿನೊಳಗೇ ಸಾಯುತ್ತದೆ. ಒಂದೇ ಪುಟದ ಪತ್ರ ಬರೆದೆ: ಯಾವ ತಿಂಗಳು, ಎಷ್ಟು ಬರಬೇಕಿತ್ತು, ಎಷ್ಟು ಬಂತು, ಬಾಕಿ ಎಷ್ಟು. ಬೈಗುಳ ಇಲ್ಲ, ಬೇರೆ ವಿಷಯ ಇಲ್ಲ. ಕಾಂಟ್ರಾಕ್ಟರ್‌ಗೆ ಒಂದು, ಕಾರ್ಖಾನೆಯ ಮ್ಯಾನೇಜರ್‌ಗೆ ಒಂದು, ಎರಡನ್ನೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆ. ಎರಡನೆಯದೇ ಮುಖ್ಯ. ಕಾಂಟ್ರಾಕ್ಟರ್ ಸಂಬಳ ಕೊಡದಿದ್ದರೆ ಪ್ರಧಾನ ಮಾಲೀಕರೇ, ಅಂದರೆ ಕಾರ್ಖಾನೆಯವರೇ ಕೊಟ್ಟು, ಆ ಹಣವನ್ನು ಕಾಂಟ್ರಾಕ್ಟರ್ ಬಿಲ್ಲಿನಲ್ಲಿ ಹಿಡಿದುಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಇದನ್ನು ಹೇಳಿತ್ತು. "ನೀವು ನಮ್ಮ ನೌಕರರಲ್ಲ" ಎನ್ನುವ ಎಚ್‌ಆರ್ ಮಾತು ಇಲ್ಲಿ ನಡೆಯುವುದಿಲ್ಲ.

ಉತ್ತರ ಬಾರದಿದ್ದರೆ ದಾರಿ ಎರಡು ಕವಲಾಗುತ್ತದೆ, ಬೆರೆಸಬೇಡಿ. ಸಂಬಳ, ಓಟಿಗೆ ಕಾರ್ಮಿಕ ಇಲಾಖೆ. ಪಿ.ಎಫ್.ಗೆ ಅದರ ಆನ್‌ಲೈನ್ ದೂರು ವ್ಯವಸ್ಥೆ, ಇಲ್ಲವೇ ಪ್ರತಿ ತಿಂಗಳು 27ರಂದು ಜಿಲ್ಲೆಗಳಲ್ಲಿ ನಡೆಯುವ 'ನಿಧಿ ಆಪ್ಕೆ ನಿಕಟ್' ಶಿಬಿರ. ಎರಡಕ್ಕೂ ಅದೇ ಪತ್ರ, ರಸೀದಿ, ಪೇ ಸ್ಲಿಪ್ ಸಾಕು. ತಡಮಾಡದೆ, ಬಾಕಿ ಬಿದ್ದ ವರ್ಷದೊಳಗೇ ಕೊಡಿ. ನಾಲ್ಕೈದು ಜನ ಒಟ್ಟಿಗೆ ಕೊಟ್ಟರೂ ಒಬ್ಬೊಬ್ಬರ ಲೆಕ್ಕ ಬೇರೆ ಹಾಳೆಯಲ್ಲಿರಲಿ.

ಕೆಲಸ ಬಿಡುವಾಗ ಖಾಲಿ ವೋಚರ್‌ಗೆ, "ಎಲ್ಲ ಬಾಕಿ ಪಡೆದಿದ್ದೇನೆ" ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಐಡಿ ಕಾರ್ಡ್, ಸೇಫ್ಟಿ ಶೂ, ಟೂಲ್ ವಾಪಸ್ ಕೊಟ್ಟ ಪಟ್ಟಿಗೆ ಸೀಲ್ ಹಾಕಿಸಿ. ಇಲ್ಲದಿದ್ದರೆ ಆಮೇಲೆ ವಾಪಸ್ ಕೊಟ್ಟಿಲ್ಲ ಎಂಬುದನ್ನೇ ಕಾರಣ ಮಾಡಿ ಸಂಬಳ ಹಿಡಿಯುತ್ತಾರೆ. ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೆ, ಬಿಟ್ಟ ಮೇಲೂ ಕನಿಷ್ಠ ಶೇ. 8.33 ಬೋನಸ್ ಬಾಕಿಯೇ.

ನಾವು ಕೆಲಸ ಬಿಟ್ಟ ತಾರೀಖನ್ನು ಕಾಂಟ್ರಾಕ್ಟರ್ ಪಿ.ಎಫ್. ಖಾತೆಯಲ್ಲಿ ಹಾಕದಿದ್ದರೆ, ಕೊನೆಯ ಕಂತು ಜಮಾ ಆಗಿ ಎರಡು ತಿಂಗಳ ನಂತರ ಆಧಾರ್ ಒಟಿಪಿ ಬಳಸಿ ನಾವೇ ಹಾಕಬಹುದು. ಆದರೆ ಆ ತಾರೀಖು ಕೊನೆಯ ಕಂತಿನ ತಿಂಗಳಿನೊಳಗೇ ಇರಬೇಕು. ಕಟ್ಟದೆ ಉಳಿಸಿಕೊಂಡ ತಿಂಗಳುಗಳು ಆಗ ಸೇವೆಯಿಂದಲೇ ಹೊರಗೆ ಬೀಳುತ್ತವೆ. ಹಣ ತೆಗೆಯುವ ಅವಸರದಲ್ಲಿ ನನ್ನ ಜೊತೆಯವರು ಎಡವಿದ್ದು ಇಲ್ಲೇ. ಬಾಕಿ ತಿಂಗಳುಗಳು ಪಾಸ್‌ಬುಕ್‌ನಲ್ಲಿ ಕಾಣುವವರೆಗೆ ನಾನು ಆ ತಾರೀಖನ್ನು ಮುಟ್ಟಲಿಲ್ಲ.