ಇಪ್ಪತ್ನಾಲ್ಕು ಪದಗಳನ್ನು ಸ್ಟೀಲ್ ತಗಡಿಗೆ ಇಳಿಸಿದ ಬಗೆ

2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ, ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ನಾಣ್ಯಗಳನ್ನು ಕೊಳ್ಳುವ-ಮಾರುವ ವಿದೇಶಿ ಎಕ್ಸ್‌ಚೇಂಜ್ ದಿವಾಳಿಯಾದ ಸುದ್ದಿ ಓದಿದ ಮೇಲೆ, ನನ್ನ ಅಲ್ಪಸ್ವಲ್ಪ ಬಿಟ್‌ಕಾಯಿನ್ನನ್ನು ಹಾರ್ಡ್‌ವೇರ್ ವಾಲೆಟ್‌ಗೆ, ಅಂದರೆ ಅದರ ಕೀಲಿಗಳನ್ನು ನಮ್ಮ ಕೈಯಲ್ಲೇ ಇಟ್ಟುಕೊಳ್ಳುವ ಪುಟ್ಟ ಸಾಧನಕ್ಕೆ, ತಂದುಕೊಳ್ಳಲು ತೀರ್ಮಾನಿಸಿದೆ. ಎಕ್ಸ್‌ಚೇಂಜಿನಲ್ಲಿ ನಮ್ಮ ಹೆಸರಿನ ಮುಂದೆ ಕಾಣುವುದು ಬರೀ ಲೆಕ್ಕ. ಹಣವನ್ನು ಕಳುಹಿಸಲು ಬೇಕಾದ ಗುಪ್ತ ಸಂಖ್ಯೆ, ಅಂದರೆ ಖಾಸಗಿ ಕೀಲಿ, ಅವರ ವಶದಲ್ಲಿಯೇ ಇರುತ್ತದೆ. ಸಾಧನವನ್ನು ತಯಾರಕರಿಂದಲೇ ನೇರವಾಗಿ ತರಿಸಿಕೊಂಡೆ. ವಾಲೆಟ್ ಮರಳಿ ಪಡೆಯುವ ಗುಪ್ತ ಪದಗಳನ್ನು ಸಾಧನವೇ ನಮಗೆ ತೋರಿಸಬೇಕು; ಪೆಟ್ಟಿಗೆಯೊಳಗೆ ಮೊದಲೇ ಅವನ್ನು ಬರೆದ ಚೀಟಿ ಬಂದರೆ ಅದು ಮೋಸವೆಂದೇ ತಿಳಿಯಬೇಕು.

ಸಾಧನವು 2048 ಇಂಗ್ಲಿಷ್ ಪದಗಳ ಪಟ್ಟಿಯಿಂದ 24ನ್ನು ಆರಿಸಿ ತೋರಿಸುತ್ತದೆ. ಸಾಧನ ಕೆಟ್ಟರೂ ಕಳೆದರೂ ಈ ಪದಗಳಿಂದ ಎಲ್ಲ ಕೀಲಿಗಳನ್ನೂ ಮರಳಿ ಪಡೆಯಬಹುದು. ಪದಗಳು ಅನ್ಯರ ಕೈಸೇರಿದರೆ ಹಣವೂ ಅವರದೇ. ನಾನು ಜೆಲ್ ಪೆನ್ನಿನಿಂದ ಕಾಗದದಲ್ಲಿ ಬರೆದು ಬೀರುವಿನಲ್ಲಿಟ್ಟೆ. ಮುಂದಿನ ಮಳೆಗಾಲದಲ್ಲಿ ತುಮಕೂರಿನ ನಮ್ಮ ಹಳೆಯ ಮನೆಯ ಗೋಡೆ ಒಸರಿ, ಬೀರುವಿನೊಳಗೂ ತೇವ ಸೇರಿ, ಏಳನೆಯ ಪದವನ್ನು ಊಹಿಸಿ ಓದಬೇಕಾಯಿತು.

ಮಂಡಿಪೇಟೆಯಲ್ಲಿ ಸ್ಟೀಲ್ ಪಾತ್ರೆಗೆ ಹೆಸರು ಕೆತ್ತಿಸುವುದು ಸುಲಭ, ಆದರೆ ಈ ಪದಗಳನ್ನು ಕೆತ್ತುವವರಿಗೆ ತೋರಿಸುವಂತಿಲ್ಲ. ಹಾಗಾಗಿ ಸುತ್ತಿಗೆಯಿಂದ ಬಡಿದು ಇಂಗ್ಲಿಷ್ ಅಕ್ಷರ ಮೂಡಿಸುವ ಪಂಚ್ ಸೆಟ್ಟನ್ನೂ ಮೂರು ದಪ್ಪ ಸ್ಟೀಲ್ ತಗಡುಗಳನ್ನೂ ಕೊಂಡು, ಹಿತ್ತಲಿನ ಒರಳುಕಲ್ಲಿನ ಮೇಲಿಟ್ಟು ನಾನೇ ಬಡಿದೆ. ಆ ಪಟ್ಟಿಯ ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರ ಒಂದೇ ಇರದ ಕಾರಣ, ಪ್ರತಿ ಪದದ ನಾಲ್ಕು ಅಕ್ಷರ ಸಾಕು. ಒಂದೇ ಗಟ್ಟಿ ಏಟಿನಲ್ಲಿ ಅಕ್ಷರ ಮೂಡಬೇಕು. ಎರಡನೆಯ ಏಟು ಹಾಕಿದರೆ ಅಕ್ಷರ ಜೋಡಿಯಾಗುತ್ತದೆ. ಪಂಚ್ ತಿರುಗಿದರೆ ಎಮ್ ಡಬ್ಲ್ಯು ಆಗುತ್ತದೆ, ಇದನ್ನು ಒಂದು ತಗಡು ಹಾಳುಮಾಡಿಕೊಂಡು ಕಲಿತೆ. "ಬಾಗಿಲಿಗೆ ಬೋರ್ಡ್ ಮಾಡ್ತಿದ್ದೀರಾ?" ಎಂದು ಮನೆಯವರು ಕೇಳಿದರು.

ಮುಖ್ಯ ಕೆಲಸ ಆಮೇಲಿನದು. ಸಾವಿರ ರೂಪಾಯಿಯಷ್ಟು ಬಿಟ್‌ಕಾಯಿನ್ನನ್ನು ಮಾತ್ರ ವಾಲೆಟ್‌ಗೆ ಕಳುಹಿಸಿ, ಸಾಧನವನ್ನು ಪೂರ್ತಿ ಅಳಿಸಿ, ತಗಡನ್ನು ನೋಡಿಕೊಂಡೇ ಪದಗಳನ್ನು ಮತ್ತೆ ತುಂಬಿದೆ. ಪದಗಳು ಸರಿಯಿಲ್ಲವೆಂದು ಸಾಧನ ತಿರಸ್ಕರಿಸಿತು. ಕಾಗದದಲ್ಲಿ ಎರಡು ಕಾಲಂಗಳನ್ನು ಮೇಲಿಂದ ಕೆಳಗೆ ಬರೆದಿದ್ದೆ. ತಗಡಿಗೆ ಅಡ್ಡಡ್ಡವಾಗಿ ಓದಿಕೊಂಡು ಬಡಿದಿದ್ದರಿಂದ ಪದಗಳ ಕ್ರಮ ತಪ್ಪಿತ್ತು. ಕೊನೆಯ ಪದದಲ್ಲಿ ತಾಳೆ ನೋಡುವ ಅಂಶ ಅಡಗಿರುವುದರಿಂದ ತಪ್ಪು ಸಿಕ್ಕಿತು. ಪದಗಳ ಪಕ್ಕದಲ್ಲಿ ಕ್ರಮಸಂಖ್ಯೆಯನ್ನೂ ಬಡಿದು ಮತ್ತೆ ಪರೀಕ್ಷಿಸಿ, ಹಣ ಕಂಡ ನಂತರವೇ ಉಳಿದದ್ದನ್ನು ವರ್ಗಾಯಿಸಿದೆ.

ಈಗ ಒಂದು ತಗಡು ಬ್ಯಾಂಕ್ ಲಾಕರಿನಲ್ಲಿದೆ, ಇನ್ನೊಂದು ತಿಪಟೂರಿನಲ್ಲಿರುವ ಅಕ್ಕನ ಮನೆಯಲ್ಲಿ ಸೀಲ್ ಮಾಡಿದ ಕವರಿನಲ್ಲಿದೆ. ಫೋನಿನಲ್ಲಿ ಫೋಟೋ ತೆಗೆಯಲಿಲ್ಲ. ಅದು ತಾನಾಗಿಯೇ ಕ್ಲೌಡಿಗೆ ಹೋಗಬಹುದು. ಪದಗಳ ಜೊತೆಗೆ ಪಾಸ್‌ಫ್ರೇಸ್, ಅಂದರೆ ನಾವೇ ಆರಿಸುವ ಇನ್ನೊಂದು ಗುಪ್ತಪದ, ಇಡುವ ಅವಕಾಶವನ್ನು ಬಿಟ್ಟೆ, ಏಕೆಂದರೆ ನನ್ನ ವಿಷಯದಲ್ಲಿ ಕಳ್ಳನಿಗಿಂತ ಮರೆವೇ ದೊಡ್ಡ ಅಪಾಯ. ತಗಡಿನಿಂದ ವಾಲೆಟ್ ಮರಳಿ ಪಡೆಯುವುದನ್ನು ಹೆಂಡತಿಗೂ ಕಲಿಸಿದ್ದೇನೆ. ಆಯುಧಪೂಜೆಯ ದಿನ ಸಾಧನವನ್ನು ಹೊರತೆಗೆದು ಚಾರ್ಜ್ ಮಾಡುತ್ತೇವೆ. ಕಳೆದ ಸಲ ಪಿನ್ ಒತ್ತಿದ್ದು ಅವಳೇ.